ನಾನೇ ತುಂಬಿದ ಹದಿನೆಂಟು ಪ್ರಶ್ನಾವಳಿ

ನನಗ ಕೇಳೂದು ಕಲಿಸಿದ ಶಾಂತಾ ಮೇಡಂ ಅವರಿಗೆ,

ಆವತ್ತು ಉದಗೀರದ ಕಾಲೇಜಿನಾಗ ನಿಮ್ಮ ಟೇಬಲ್ ಮ್ಯಾಲೆ ಪ್ರಶ್ನಾವಳಿಗಳ ಕಟ್ಟು ಇಟ್ಟು ನಿಂತಿದ್ದೆ. ಕುರಿ ಸಾಕೋ ಮನಿತನಗಳಾಗ ತೀರ್ಮಾನ ಯಾರು ಮಾಡ್ತಾರ ಅನ್ನೂದು ನನ್ನ ಪಿಎಚ್.ಡಿ. ವಿಷಯ. ನೀವು ಒಂದೊಂದೇ ಹಾಳಿ ತಿರುವಿ, ಕನ್ನಡಕ ತೆಗೆದು ಕೇಳಿದ್ರಿ: "ಗೌರಾ, ಹದಿನೆಂಟು ಮನಿ ತಿರುಗಿದಿ. ಒಬ್ಬಾಕಿನೂ 'ಇದೆಲ್ಲಾ ನಿನಗ್ಯಾಕ ಬೇಕವ್ವಾ' ಅಂತ ಬೈಲಿಲ್ಲೇನ?"

ನಾ ಒಂದು ಮನಿಗೂ ಹೋಗಿದ್ದಿಲ್ಲ. ಔರಾದ ಶಹಾಜನಿ ಸ್ಟ್ಯಾಂಡಿನಾಗ ಇಳಿದು, ಬಿಸಿಲಿಗೆ ಅಂಜಿ, ಚಹಾದ ಹೋಟೆಲಿನ ಬೆಂಚಿನ ಮ್ಯಾಲೆ ಕುಂತು ಎಲ್ಲಾ ನಾನೇ ತುಂಬಿದ್ದೆ. "ತೀರ್ಮಾನ ಯಾರದು?" ಅನ್ನೂದಕ್ಕ ಹದಿನೆಂಟು ಸಲ "ಗಂಡ" ಅಂತ ಬರದಿದ್ದೆ. ನಿಲಂಗಾದ ನಮ್ಮ ಒಕ್ಕಲುತನದ ಮನ್ಯಾಗ ಹಂಗೇ ಇತ್ತಲ್ಲ, ಎಲ್ಲಾ ಕಡೆ ಹಂಗೇ ಇರ್ತದ ಅಂದ್ಕೊಂಡಿದ್ದೆ. ಅಳಕೋತ ಖರೇ ಹೇಳಿದೆ. ಬ್ಯಾರೆ ಯಾರರ ಆಗಿದ್ರ ಅವತ್ತೇ ನನ್ನ ಹೆಸರು ಹೊಡೆದು ಹಾಕ್ತಿದ್ರು. ನೀವು ಮಾತ್ರ...

"ನಾಳೆ ಮೊದಲ ಬಸ್ಸಿಗೆ ಬಾ. ನಾನೂ ಬರ್ತೀನಿ," ಅಂದ್ರಿ.

ಮೊಣಕಾಲು ಹಿಡ್ಕೋತ ನೀವು ಔರಾದ ಬಾಜೂಕಿನ ಆ ಕುರಿಗಾರರ ವಾಡಿಗೆ ನಡಕೋತ ಬಂದದ್ದು ಇನ್ನೂ ಕಣ್ಮುಂದ ಅದ. ಮೊದಲ ಮನ್ಯಾಗ ಹಣಿ ತುಂಬ ಬೀರಪ್ಪನ ಭಂಡಾರದ ಅರಿಷಿಣ ಹಚ್ಕೊಂಡ ಒಬ್ಬ ಮುದುಕಿ. ನಾ ಮರಾಠಿಯಾಗ ಪ್ರಶ್ನಿ ಓದಿದೆ. ಆಕಿ ಗಂಡನ ಮಾರಿ ನೋಡಿ, "ಎಲ್ಲಾ ಅವರೇ ಮಾಡ್ತಾರ್ರೀ" ಅಂದ್ಳು. ನಾ ಗೆದ್ದವರಂಗ ನಿಮ್ಮ ಕಡೆ ನೋಡಿದೆ. ನನ್ನ ಸುಳ್ಳೇ ಖರೇ ಆಗಿತ್ತಲ್ಲ!

ನೀವು ನನ್ನ ಕೈಯಾಗಿನ ಹಾಳಿ ಕಸಗೊಂಡು ಚೀಲದಾಗ ಇಟ್ರಿ. ಆಕಿ ಬಾಜೂಕ ಕುಂತು ಕುರಿ ಉಣ್ಣೆಯೊಳಗಿನ ಮುಳ್ಳು ಆರಿಸ್ಲಿಕ್ಕೆ ಹತ್ತಿದ್ರಿ. ತಾಸು ಹೊತ್ತು ಪ್ರಶ್ನೀನೇ ಇಲ್ಲ. ಮುದುಕ ಎದ್ದು ಹೋದ ಮ್ಯಾಲೆ, ಆಕಿ ಮನಿ ಮಾತು ಕನ್ನಡದಾಗ ಕೇಳಿದ್ರಿ: "ಈ ವರ್ಷ ಕುರಿ ಯಾವ ಕಡೆ ಹೊಡೀತೀರವ್ವಾ?"

"ಬೀದರ ಕಡೆ. ಆ ದಾರ್ಯಾಗ ನನ್ನ ತೌರಮನಿ ಅದ, ಮುಂದ ನನ್ನ ತಂಗಿ ಊರು. ಗುರ್ತಿಲ್ಲದ ಊರಾಗ ಹೊಲದಾಗ ಕುರಿ ತಂಗ್ಲಿಕ್ಕೆ ಯಾರು ಬಿಡ್ತಾರ? ಅಂವಗೇನು ಗೊತ್ತು! ನಾ ಹೇಳಿದ ಕಡೆ ಹೊಡ್ಕೊಂಡು ಹೋಗ್ತಾನ."

ಎರಡನೇ ಮನ್ಯಾಗೂ ಅದೇ, ಮೂರನೇ ಮನ್ಯಾಗೂ ಅದೇ. ಕುರಿ ನಡ್ಯೋ ದಾರಿ ಹೆಣ್ಮಕ್ಕಳ ತೌರಮನಿ ದಾರಿ! ನನ್ನ ಯಾವ ಪ್ರಶ್ನಾವಳಿಯಾಗ ಇದಕ್ಕ ಜಾಗ ಇತ್ತು?

ವಾಪಸ್ ಬರ್ತಾ ಬಸ್ಸಿನಾಗ, "ಹಂಗಾದ್ರ ಆಕಿ ಮೊದಲ ಸುಳ್ಳು ಹೇಳಿದ್ಳಲ್ಲ?" ಅಂದೆ. "ಇಲ್ಲ. ಗಂಡನ ಮುಂದ ಹೇಳೂ ಮಾತು ಹೇಳಿದ್ಳು. ಅದನ್ನೂ ಬರ್ಕೋ. ಆಕಿ ಹೆಸರು ಮಾತ್ರ ಎಲ್ಲೂ ಬರೀಬ್ಯಾಡ," ಅಂದ್ರಿ. ಇಲ್ಲೂ ಬರದಿಲ್ಲ ನೋಡ್ರಿ.

ನೀವು ನಮ್ಮನ್ನ ಬಿಟ್ಟು ಹೋದ ಮ್ಯಾಲೆ ಪ್ರಬಂಧ ಮುಗೀತು. ಆ ಹದಿನೆಂಟು ಸುಳ್ಳನ್ನ ಸಂಶೋಧನಾ ವಿಧಾನದ ಅಧ್ಯಾಯದಾಗ ಬರದೀನಿ. ಮೌಖಿಕ ಪರೀಕ್ಷಾದಾಗ ಕೇಳಿದ್ರು, ಮುಚ್ಚಲಿಲ್ಲ. ಪದವಿ ಬಂತು ಮೇಡಂ.

ಹೋದ ತಿಂಗಳು ವಾಡಿಗೆ ಹೋಗಿ, ಹೆಣ್ಮಕ್ಕಳನ್ನಷ್ಟೇ ಕೂಡ್ಸಿ, ಬರದದ್ದು ಓದಿ ಹೇಳ್ಲೇನು ಅಂತ ಕೇಳಿದೆ. ಮುದುಕಿ ನಕ್ಕು, "ಅಂವನ ಮುಂದೇ ಓದು, ಕೇಳ್ಲಿ" ಅಂದ್ಳು. ಓದಿದೆ. ಮುದುಕ ಕಡೀತನಕ ಕೇಳಿ, ಬೀಡಿ ಆರ್ಸಿ ಅಂದ: "ಇದಕ್ಕ ಇಷ್ಟು ವರ್ಷ ಬೇಕಾತೇನವ್ವಾ? ನನಗ ಕೇಳಿದ್ರ ನಾನೂ ಇದನ್ನೇ ಹೇಳ್ತಿದ್ದೆ."

ನಾವು ಅಂವಗ ಕೇಳೇ ಇದ್ದಿಲ್ಲ ಮೇಡಂ! ಸೋಮವಾರ ಅವರ ಕುರಿ ಹೊರಡ್ತಾವ. ಈ ಸಲ ನಾ ಗಂಡಸರ ಜೋಡಿ ನಡೀತೀನಿ, ಪ್ರಶ್ನಾವಳಿ ಇಲ್ಲದ, ಬರೇ ಕೈಲೆ.

ನಿಮ್ಮ,
ಗೌರಾ