ಬೋಣಿಗೆ ಬೇಡದ ಗಿರಾಕಿ

ಮೊಳಕಾಲ್ಮೂರು
ಕೀಲಕ ಸಂವತ್ಸರ, ಮಾರ್ಗಶಿರ ಬಹುಳ ಪಂಚಮಿ
ಸನ್ ೧೯೦೮

ವೆಂಕಟಪ್ಪನವರಿಗೆ ಎರ್ರಮ್ಮನ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳಲ್ಲ ಎಂದು ಕಾಗದವನ್ನು ಇಲ್ಲಿಗೇ ಮಡಿಚಿಡಬೇಡಿ. ಹೆಸರು ಹೇಳಿದರೆ ಗಂಡನ ಆಯುಸ್ಸು ಸವೆಯುತ್ತದೆ ಎಂದು ಅವ್ವ ಹೇಳಿಕೊಟ್ಟಿದ್ದಳು. ಅದನ್ನು ನಂಬಿ, ನೀವು ಇನ್ನೊಂದು ಮದುವೆ ಮಾಡಿಕೊಂಡು ದುರ್ಗದಲ್ಲಿ ಮನೆ ಹೂಡಿ ನನ್ನನ್ನು ತವರಿಗೆ ಕಳಿಸಿದ ಮೇಲೂ ನಿಮ್ಮ ಹೆಸರನ್ನು ಬಾಯಿಗೆ ತಂದವಳಲ್ಲ. ಈಗ ನಿಮ್ಮ ಆಯುಸ್ಸನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ. ನಾನು ಧಾರಾಳವಾಗಿ ಬರೆಯಬಹುದು.

ನಿಮ್ಮ ಕಾಗದವನ್ನು ತಮ್ಮ ಬೊಮ್ಮಯ್ಯ ತಂದುಕೊಟ್ಟ. ನೀವು ಕೇಳಿದ್ದು ಎಂಥ ಹೆಂಗಸನ್ನು, ಹೋದವಳು ಎಂಥವಳು, ಯಾವ ಮುಖ ಹೊತ್ತು ನಿಮ್ಮ ಹೊಸ ಮಾವ ನಾಗೇಂದ್ರಪ್ಪನವರ ಚಳ್ಳಕೆರೆಯ ಸೀರೆ ಅಂಗಡಿ ಮೆಟ್ಟಿಲು ತುಳಿದೆ ಎಂದು ಬೈದಿದ್ದೀರಿ. ನನ್ನ ಮುಖವನ್ನೇ ಹೊತ್ತು ಹೋಗಿದ್ದೆ. ಇರುವುದು ಅದೊಂದೇ. ಹೇಗೆ ಹೋದೆ, ಏನು ಕಂಡೆ ಎಂಬುದನ್ನು ನಿಮ್ಮ ಮಾವನ ಬಾಯಲ್ಲಿ ಕೇಳಿದ್ದೀರಿ, ಈಗ ನನ್ನಿಂದಲೂ ಕೇಳಿ.

ಹೋದ ಯುಗಾದಿಯಿಂದೀಚೆಗೆ ನಮ್ಮ ಮಗ್ಗದ ಬೀದಿಯ ಸೀರೆಗಳು ಚಳ್ಳಕೆರೆಯ ಆ ಅಂಗಡಿಗೆ ಹೋದ ಹಾಗೆಯೇ ವಾಪಸು ಬರುತ್ತಿದ್ದವು. ಯಾರೂ ಕೇಳುವುದಿಲ್ಲ, ನೇಯ್ಗೆ ಕೆಟ್ಟಿದೆ ಎಂದು ನಿಮ್ಮ ಮಾವ ಹೇಳಿದರು. ಮೊಳಕಾಲ್ಮೂರಿಗೆ ರೇಷ್ಮೆ ನೂಲು ತಂದು ಹಂಚುವವರು ನೀವು. ಕೆಟ್ಟದ್ದು ಹೆಂಗಸರ ನೇಯ್ಗೆ, ಗಂಡಸರಿಲ್ಲದ ಮನೆಗಳ ಮಗ್ಗಕ್ಕೆ ಇನ್ನು ನೂಲು ಕೊಡುವುದಿಲ್ಲ ಎಂದು ಬೀದಿಯ ಯಜಮಾನ ಅಜ್ಜಪ್ಪನವರಿಗೆ ಹೇಳಿ ಕಳಿಸಿದಿರಿ. ನೂಲಿಲ್ಲದಿದ್ದರೆ ನನ್ನ ಮಗ್ಗ ಸೌದೆಗೆ ಸಮ. ಬೊಮ್ಮಯ್ಯ ಹೆಂಡತಿಯ ಊರಿನಲ್ಲಿ ಅವಳ ಹೊಲ ನೋಡಿಕೊಂಡಿದ್ದಾನೆ. ಅವ್ವನನ್ನೂ ನನ್ನನ್ನೂ ಸಾಕುತ್ತಿರುವುದು ಆ ಮಗ್ಗ. ಅದು ನಿಮಗೆ ಗೊತ್ತಿಲ್ಲದ್ದಲ್ಲ.

ಅಜ್ಜಪ್ಪ ಹಳೇ ಕಾಲದವರು. ಸೀರೆಯದೋ ಅಂಗಡಿಯದೋ ತಪ್ಪು ಯಾರದೆಂದು ಮೊದಲು ನೋಡೋಣ, ಗುಟ್ಟಾಗಿ ಒಬ್ಬ ಗಿರಾಕಿಯನ್ನು ಕಳಿಸೋಣ ಎಂದರು. ನೀವೂ ಒಪ್ಪಿದಿರಿ. ಒಪ್ಪಿ, ಕಳಿಸಬೇಕಾದವಳು ಹೇಗಿರಬೇಕೆಂದು ವಿವರವಾಗಿ ಹೇಳಿ ಕಳಿಸಿದಿರಿ: ಮೈಬಣ್ಣ ಬೆಳ್ಳಗಿರಬೇಕು, ಗೌಡರ ಮನೆಯವಳಾಗಿರಬೇಕು, ಕೊರಳು ತುಂಬ ಚಿನ್ನವಿರಬೇಕು, ಮಾತು ಮೆತ್ತಗಿರಬೇಕು, ನಾಲಿಗೆಯಲ್ಲಿ ತೆಲುಗು ಸುಳಿಯಬಾರದು, ಜೊತೆಗೆ ಗಂಡನಿರಬೇಕು, ಕಮಾನು ಗಾಡಿಯಲ್ಲಿ ಬಂದಿಳಿಯಬೇಕು. ಅಜ್ಜಪ್ಪ ಜಗಲಿಯ ಮೇಲೆ ಕೂತು ಇದನ್ನು ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ಯಾಕಮ್ಮಾ ಎಂದು ಕೇಳಿದರು. ನಾನು ಹೇಳಲಿಲ್ಲ. ನೀವು ಎರಡನೆಯ ಹೆಣ್ಣು ಹುಡುಕುವಾಗ ದಲ್ಲಾಳಿಯ ಹತ್ತಿರ ಹೇಳಿದ್ದೂ ಇದನ್ನೇ. ಗಾಡಿಯೊಂದನ್ನು ಈಗ ಸೇರಿಸಿದ್ದೀರಿ.

ನಾಯಕನಹಟ್ಟಿಯ ದ್ರಾಕ್ಷಾಯಣಮ್ಮ ನೀವು ಹೇಳಿದ ಅಚ್ಚಿನಲ್ಲೇ ಇದ್ದರು. ಅವರು ಹೋಗಿಬಂದರು. ಕೂರಲು ಜಮಖಾನ ಹಾಸಿದರಂತೆ, ಬೀಸಣಿಗೆ ಬೀಸಿದರಂತೆ, ಕೇಸರಿ ಹಾಕಿದ ಹಾಲು ಕೊಟ್ಟರಂತೆ. ಅಂಗಡಿ ಬಂಗಾರದಂಥದ್ದು ಎಂದು ಹೇಳಿದರು. ಪಾಪ, ಸುಳ್ಳಾಡಿದವರಲ್ಲ, ಕಂಡದ್ದನ್ನೇ ಹೇಳಿದರು. ಅಂಗಡಿ ಸರಿಯಿದೆ ಎಂದ ಮೇಲೆ ತಪ್ಪು ಮಗ್ಗದ್ದೇ ಎಂದು ತೀರ್ಮಾನವಾಯಿತು.

ನಾನು ನೇರ ಅಜ್ಜಪ್ಪನವರ ಮನೆಗೆ ಹೋಗಿ, ಇನ್ನೊಂದು ಸಲ ನೋಡೋಣ, ನಾನು ಹೋಗುತ್ತೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನುವ್ವಾ ತಲ್ಲೀ? ನೀನಾ? ವೆಂಕಟಪ್ಪ ಹೇಳಿದ್ರಾಗೆ ಒಂದಾದ್ರೂ ಐತೇನಮ್ಮ ನಿನ್ನತ್ರ?" ಎಂದರು.

"ಗಂಡ ಇದಾನಲ್ಲ, ಅದೊಂದೈತೆ. ಜೊತೆಗಿಲ್ಲ ಅಷ್ಟೇ," ಎಂದೆ. "ಗೌಡ್ತಿಗೆ ಹಾಲು ಕೊಡ್ತಾರೆ, ಕೊಡ್ಲಿ. ಚಳ್ಳಕೆರೆ ಸೀಮೆನಾಗೆ ಗೌಡ್ತೇರು ಎಷ್ಟು ಮಂದಿ, ನನ್ನಂಥೋರು ಎಷ್ಟು ಮಂದಿ, ನೀವೇ ಹೇಳ್ರಿ."

ಮುದುಕರು ಸೊಂಟದಿಂದ ಸೀರೆಯ ದುಡ್ಡು ತೆಗೆದು ಕೈಗಿಟ್ಟರು.

ಮೊದಲು ನಿಮ್ಮ ಅಚ್ಚಿಗೆ ಇಳಿಯಲು ನೋಡಿದೆ, ಅದನ್ನೂ ಹೇಳುತ್ತೇನೆ. ಅವ್ವ ಪಕ್ಕದ ಮನೆಯವರ ಕಾಸಿನ ಸರ, ಇನ್ನೊಬ್ಬರ ಬುಗುಡಿ ಬೇಡಿ ತಂದು ನನಗೆ ಏರಿಸಿದಳು. ಮುಖಕ್ಕೆ ಅರಿಶಿನ ತೀಡಿ ತೀಡಿ ಕಡೆಗೆ ಹೊಸಲಿಗೆ ಪೂಜೆ ಮಾಡಿದ ಹಾಗೆ ಕಾಣುತ್ತದೆ ಎಂದು ತಾನೇ ತೊಳೆದಳು. ಬೊಮ್ಮಯ್ಯ ಗಾಡಿ ಹೊಡೆಯಲು ಬಂದಿದ್ದ. ಹಿಂದಿನ ಸಂಜೆಯೇ ಹೊರಟು ನೆಂಟರ ಹಟ್ಟಿಯಲ್ಲಿ ಉಳಿದು, ಬೆಳಕು ಹರಿಯುವಾಗ ಚಳ್ಳಕೆರೆ ಮುಟ್ಟಿದೆವು. ಊರ ಮುಂದಿನ ಬಾವಿಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಮೈಮೇಲಿದ್ದುದನ್ನೆಲ್ಲ ಬಿಚ್ಚಿ ಅವನ ಹೆಗಲ ವಲ್ಲಿಯಲ್ಲಿ ಗಂಟು ಕಟ್ಟಿದೆ.

ಅವನು ಗಾಬರಿಯಾಗಿ, "ಇದೇನಕ್ಕಾ, ಹಿಂಗೇ ಹೋಗ್ತೀಯಾ?" ಎಂದ.

"ಕಾಸಿನ ಸರಕ್ಕೆ ಮರ್ಯಾದೆ ಸಿಕ್ಕಿದ್ರೆ ಅದನ್ನ ತಂದು ಅಜ್ಜಪ್ಪನಿಗೆ ಏನಂತ ಹೇಳ್ಲಿ?" ಎಂದೆ. ನಾನು ನೇಯುವಾಗ ಉಡುವ ಹತ್ತಿ ನೂಲಿನ ಸೀರೆ, ಬರಿಗಾಲು, ಮಗ್ಗದ ಕುಣಿಯಲ್ಲಿ ಕೂತು ಕೂತು ಸ್ವಲ್ಪ ಬಗ್ಗಿದ ಬೆನ್ನು. ಹಾಗೇ ನಡೆದೆ.

ಅಂಗಡಿಯ ಬಾಗಿಲು ಆಗಷ್ಟೇ ತೆಗೆದಿತ್ತು. ನಿಮ್ಮ ಮಾವ ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದರು. ನಿಮ್ಮ ಮದುವೆಗೆ ನನ್ನನ್ನು ಯಾರೂ ಕರೆದಿರಲಿಲ್ಲವಾದ್ದರಿಂದ ಅವರಿಗೆ ನನ್ನ ಗುರುತಿಲ್ಲ. ಮೊಳಕಾಲ್ಮೂರು ರೇಷ್ಮೆ ಸೀರೆ ತೋರಿಸಿ ಎಂದೆ. ತಿರುಗಿ ನೋಡಿದವರ ಕಣ್ಣು ನನ್ನ ಪಾದದಿಂದ ಮೇಲಕ್ಕೆ ಬರಲೇ ಇಲ್ಲ.

"ಬೋಣಿ ಆಗಿಲ್ಲಮ್ಮ. ಒಂಟಿ ಹೆಂಗ್ಸು ಬೆಳಗ್ಗೆ ಬೆಳಗ್ಗೆ... ಆ ಕಡೆ ಕೂತ್ಕೋ. ಯಾರಾದ್ರೂ ಒಳ್ಳೆಯೋರು ಬಂದು ಹೋಗ್ಲಿ, ಆಮೇಲೆ ನೋಡಾನ," ಎಂದರು. ಆಮೇಲೆ ಅನುಮಾನ ಬಂದು, "ಗಂಡ ಇದಾನೇನು?" ಎಂದು ಕೇಳಿದರು.

"ದುರ್ಗದಾಗೆ ಇದಾರೆ. ಮಾವನ ಮನೆ ಕೆಲ್ಸ ಜಾಸ್ತಿ, ಪುರುಸೊತ್ತಿಲ್ಲ," ಎಂದೆ.

"ಅಂಥ ಅಳಿಯ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದರು ನಿಮ್ಮ ಮಾವ. ನಾನೂ ಹೌದೆಂದೆ.

ಬೋಣಿಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬುದು ವ್ಯಾಪಾರಸ್ಥರ ನೇಮ. ಬೇಡದ ಕೈಯಿಂದ ಬೋಣಿ ಮಾಡಿಸಬಾರದು ಎಂಬುದೂ ಅವರದೇ ನೇಮ. ಎರಡರ ನಡುವೆ ನಾನು ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ದೊಡ್ಡಉಳ್ಳಾರ್ತಿಯ ಪಾಲಮ್ಮ ಬಂದಳು. ಕಾವಲಿನ ಹುಲ್ಲಿನಲ್ಲಿ ಕುರಿ ಮೇಯಿಸುವವರು, ಭಾರಿ ಮಂದೆಯ ಮನೆ. ಮಗಳ ಮದುವೆಗೆ ಪಟ್ಟೆ ಸೀರೆ ಬೇಕೆಂದು ಸೆರಗಿನ ಗಂಟು ತೋರಿಸಿದಳು. ಅವಳನ್ನೂ ನನ್ನ ಪಕ್ಕದಲ್ಲಿ ಕೂರಿಸಿದರು.

ಬಿಸಿಲೇರಿತು. ಒಳ್ಳೆಯವರು ಯಾರೂ ಬರಲಿಲ್ಲ. ಸೀರೆ ಕೊಳ್ಳಲು ದುಡ್ಡು ಹಿಡಿದ ಇಬ್ಬರು ಮೆಟ್ಟಿಲ ಮೇಲೆ, ಸೀರೆ ತುಂಬಿದ ಅಂಗಡಿ ಹಿಂದೆ, ನಡುವೆ ನಿಮ್ಮ ಮಾವ ನೊಣ ಹೊಡೆಯುತ್ತಿದ್ದರು. ಪಾಲಮ್ಮ ನನ್ನ ಕಿವಿಯಲ್ಲಿ, "ನಮ್ ಕುರಿ ಉಣ್ಣೆ ತೂಗಿಸ್ಕೊಳ್ಳೋವಾಗ ಇವ್ರಿಗೆ ಬೋಣಿ ನೆಪ್ಪಾಗಲ್ಲ ನೋಡವ್ವ," ಎಂದಳು. ಅಂಗಡಿಗೆ ಅಂಟಿದ ಮನೆಯ ಬಾಗಿಲ ಸಂದಿಯಲ್ಲಿ ಒಂದು ಬಳೆಯ ಕೈ ಬಂದು ನಮಗೆ ನೀರಿನ ತಂಬಿಗೆ ಕೊಟ್ಟಿತು. ನಮ್ಮಂಥವರು ದಿನವೂ ಬರುತ್ತಾರೆ, ಹೀಗೇ ಕಾದು ಎದ್ದುಹೋಗುತ್ತಾರೆ, ಮೊಳಕಾಲ್ಮೂರು ಸೀರೆಗಳು ಮಡಿಕೆ ಬಿಚ್ಚದೆ ಒಳಗಿನ ಪೆಟ್ಟಿಗೆಯಲ್ಲೇ ಇದ್ದು ವಾಪಸು ಹೋಗುತ್ತವೆ ಎಂದು ಆ ಕೈಯವಳು ಪಿಸುಗುಟ್ಟಿದಳು. ಅವಳು ಯಾರೆಂದು ಆಮೇಲೆ ಹೇಳುತ್ತೇನೆ.

ಕಡೆಗೆ ನಿಮ್ಮ ಮಾವನಿಗೇ ತಡೆಯಲಾಗಲಿಲ್ಲ. ಬೀದಿಗಿಳಿದು, ಗಾಣಕ್ಕೆ ಹೊರಟಿದ್ದ ಮಾರಯ್ಯ ಎಂಬ ಬಡಪಾಯಿಯ ರಟ್ಟೆ ಹಿಡಿದು ಎಳೆತಂದು, ಬೇಡ ಬೇಡವೆಂದರೂ ಒಂದು ಚೌಕವನ್ನು ಕೇಳಿದ ಬೆಲೆಗೆ ಅವನ ಹೆಗಲಿಗೆ ಹಾಕಿ ಬೋಣಿ ಮಾಡಿಕೊಂಡರು. ನಾವು ಎದ್ದು ನಿಂತೆವು. ಆಗ ಅವರು ಪಾಲಮ್ಮನ ಮುಂದೆ ಒಂದು ಹತ್ತಿ ನೂಲಿನ ಸೀರೆ ಎಸೆದು, ಮೊಳಕಾಲ್ಮೂರು ಸೀರೆ ಬಂದಿಲ್ಲ, ಬಂದರೂ ಅದು ನಿಮಗಲ್ಲ ಎಂದರು.

ಅವರ ತಲೆಯ ಹಿಂದಿನ ಗೂಡಿನಲ್ಲಿ ರುದ್ರಾಕ್ಷಿ ಅಂಚಿನ ಕುಂಕುಮ ಬಣ್ಣದ ಸೀರೆಯೊಂದಿತ್ತು. ಮೂರು ತಿಂಗಳ ಹಿಂದೆ ನಾನೇ ಮಗ್ಗದಿಂದ ಇಳಿಸಿದ್ದು. ಅದನ್ನು ಕೊಡಿ ಎಂದೆ. "ಅದು ಮುಟ್ಟೋ ಸೀರೆ ಅಲ್ಲಮ್ಮ, ನಿನ್ ಕೈ ತಾಗಿದ್ರೆ ಮಾಸ್ತೈತೆ," ಎಂದರು.

ನನ್ನ ಕೈ ತಾಗದೆ ಅದರ ಒಂದು ಎಳೆಯಾದರೂ ಹುಟ್ಟಿತ್ತೇ? ಆ ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಗುಟ್ಟಿನ ಗಿರಾಕಿ ಗುಟ್ಟು ಬಿಡಬಾರದಲ್ಲ. ಗಾಡಿಗೆ ಬಂದು ಕೂತ ಮೇಲೆ ಅಳು ಬಂತು. ಸೀರೆಗಾಗಿ ಅಲ್ಲ. ನಾಲ್ಕು ಜನರ ಮುಂದೆ ಇವಳನ್ನು ಕರೆದುಕೊಂಡು ಹೋಗಲು ನಾಚಿಕೆಯಾಗುತ್ತದೆ ಎಂದು ನೀವು ಪಂಚರ ಎದುರು ಹೇಳಿದಿರಲ್ಲ, ಆವತ್ತೂ ನಾನು ಹೀಗೇ ಬಾಗಿಲ ಹೊರಗೆ ಕೂತು ಕೇಳಿಸಿಕೊಂಡಿದ್ದೆ. ಆವತ್ತು ಅಳಲಾಗಿರಲಿಲ್ಲ. ಈ ಸಲ ಎರಡೂ ಸೇರಿ ಬಂದವು. ಬೊಮ್ಮಯ್ಯ ಎತ್ತುಗಳನ್ನೇ ನೋಡುತ್ತ ಗಾಡಿ ಹೊಡೆದ. ಕಂಡದ್ದನ್ನೆಲ್ಲ ಅಜ್ಜಪ್ಪನವರಿಗೆ ಹೇಳಿದೆ, ಅವರು ನನ್ನ ಹೆಸರು ಹಿಡಿದೇ ನಿಮ್ಮ ಮಾವನಿಗೆ ಹೇಳಿ ಕಳಿಸಿದರು.

ಅಳುವ ಮೊದಲು ಒಂದು ಕೆಲಸ ಮಾಡಿದ್ದೆ. ಪಾಲಮ್ಮನಿಗೆ, ಮೊಳಕಾಲ್ಮೂರಿಗೆ ಬಾ, ಮಗ್ಗದ ಬೀದಿಯಲ್ಲಿ ಎರ್ರಮ್ಮ ಎಂದು ಕೇಳು ಎಂದಿದ್ದೆ. ಅವಳು ಬರಿಯ ಮಾತಿಗೆ ಹೂಂ ಎಂದಳು ಎಂದುಕೊಂಡೆ. ವಾರದೊಳಗೆ ಮಗಳು, ಬೀಗಿತ್ತಿ, ಅಕ್ಕತಂಗಿಯರನ್ನೆಲ್ಲ ಗಾಡಿ ತುಂಬಿಕೊಂಡು ಬಂದಿಳಿದಳು. ಎಲ್ಲರೂ ಮಗ್ಗದ ಸುತ್ತ ಕೂತರು. ಮದುವೆಯ ಹುಡುಗಿ ಅಂಚನ್ನು ಮುಟ್ಟಿ ಮುಟ್ಟಿ ನೋಡಿದಳು. ಮಾಸಲಿಲ್ಲ. ಈಗ ಕಾವಲಿನ ಹಟ್ಟಿಗಳಿಂದ ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದಾರೆ. ನನ್ನ ಮಗ್ಗಕ್ಕೆ ಮಾತ್ರವಲ್ಲ, ನೀವು ನಿಲ್ಲಿಸಲು ಹೊರಟಿದ್ದ ಅಷ್ಟೂ ಮಗ್ಗಗಳಿಗೆ ಕೈತುಂಬ ಕೆಲಸವಿದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಾರಲಾರದ ನಿಮ್ಮ ಮಾವ ಸೀರೆ ಕೆಟ್ಟದ್ದು ಎಂದರು. ಅವರದು ಅವರ ಮೂಢತನ. ನಿಮ್ಮದೇನು? ಆ ಅಂಗಡಿಯ ಗದ್ದಿಗೆಯ ಮೇಲೆ ನೀವೂ ಎಷ್ಟೋ ಸಲ ಕೂತವರು. ಯಾರನ್ನು ಒಳಗೆ ಕರೆಯುತ್ತಾರೆ, ಯಾರನ್ನು ಮೆಟ್ಟಿಲ ಮೇಲೆ ಒಣಗಿಸುತ್ತಾರೆ ಎಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ, ಒಳಗೆ ಕರೆಸಿಕೊಳ್ಳುವಂಥವಳನ್ನೇ ಕಳಿಸಿ ಎಂದಿರಿ. ಅಲ್ಲವೆನ್ನುವುದಾದರೆ ಬಂದು ಅಜ್ಜಪ್ಪನವರ ಜಗಲಿಯ ಮೇಲೆ ನಿಂತು ಹೇಳಿ. ಇಡೀ ಬೀದಿ ಕೇಳಲು ಕಾದಿದೆ.

ಬರುವ ತಿಂಗಳಿನಿಂದ ನನಗೆ ನೂಲಿಲ್ಲ ಎಂದು ಕಾಗದದ ಕೊನೆಗೆ ಬರೆದಿದ್ದೀರಿ. ನೀವು ನಿಲ್ಲಿಸುವ ಮೊದಲೇ ನಾನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಅಜ್ಜಪ್ಪನವರೇ ಬಳ್ಳಾರಿಗೆ ಹೋಗಿ ಬೀದಿಗೆಲ್ಲ ನೂಲು ತಂದಿದ್ದಾರೆ. ಮಗ್ಗ ಆಡುತ್ತಿದೆ. ಈ ಕಾಗದ ಬರೆಯಲು ಕೂತದ್ದರಿಂದಷ್ಟೇ ಅದಕ್ಕೆ ಬಿಡುವು ಸಿಕ್ಕಿದೆ.

ಇಂತಿ,
ನೀವು ಕೇಳಿದ ಅಚ್ಚಿನಲ್ಲಿ ಒಂದೂ ಇಲ್ಲದ,
ಎರ್ರಮ್ಮ
ಮಗ್ಗದ ಬೀದಿ, ಮೊಳಕಾಲ್ಮೂರು

ಮರೆತಿದ್ದು: ನೀರು ಕೊಟ್ಟ ಕೈ ಚಿನ್ನಕ್ಕನದು. ನಿಮ್ಮ ಎರಡನೆಯ ಹೆಂಡತಿ, ತುಂಬಿದ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳಲ್ಲ. ಹೆಸರು ಕೇಳಿದಳು, ಹೇಳಿದೆ. ಬಾಗಿಲ ಸಂದಿಯಲ್ಲೇ "ಅಕ್ಕಾ" ಎಂದಳು. ಹೆತ್ತ ಮೇಲೆ ಪಾಲಮ್ಮನ ಕೈಲಿ ಹೇಳಿ ಕಳಿಸಿದ್ದಾಳೆ: ಬಾಣಂತನ ಮುಗಿಸಿ ಗಂಡನ ಮನೆಗೆ ಬರುವಾಗ ಉಡುವ ಸೀರೆ ಅಪ್ಪನ ಅಂಗಡಿಯದು ಬೇಡ, ಅಕ್ಕನ ಮಗ್ಗದ್ದು ಬೇಕು. ಹಸಿರು ಮೈ, ರುದ್ರಾಕ್ಷಿ ಅಂಚು. ಈಗ ಮಗ್ಗದ ಮೇಲಿರುವುದು ಅದೇ. ಇದನ್ನು ನಿಮಗೆ ತಿಳಿಸಲೇ ಎಂದು ನಾನು ಪಾಲಮ್ಮನ ಕೈಲೇ ಕೇಳಿಸಿದ್ದಕ್ಕೆ, "ಬರೀಲಿ, ನಾನೇ ಹೇಳ್ದೆ ಅಂತ್ಲೇ ಬರೀಲಿ," ಎಂದಳಂತೆ.

ಮಗುವನ್ನು ನೀವಿನ್ನೂ ನೋಡಿಲ್ಲವಂತೆ. ಪಾಲಮ್ಮ ನೋಡಿಬಂದಳು. ಹೆಣ್ಣು, ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ನಿಮ್ಮದೇ ಅಂತೆ, ಕಪ್ಪು. ಅವಳನ್ನು ಮೊದಲ ಸಲ ಎತ್ತಿಕೊಂಡು ಅಜ್ಜನ ಅಂಗಡಿಯ ಮೆಟ್ಟಿಲು ಹತ್ತುವಾಗ, ಬೋಣಿ ಆಗಿದೆಯೋ ಇಲ್ಲವೋ ಕೇಳಿಕೊಂಡು ಹತ್ತಿ.