ಚಂದಗುಳಿಯಲ್ಲಿ ಕಟ್ಟಿದ ಗಂಟೆ

ಎಕ್ಕಂಬಿ, ಆಶ್ವೀಜ, ೧೯೬೩

ಚಿರಂಜೀವಿ ವತ್ಸಲೆಗೆ,

ರೂಢಿಯಲ್ಲಿ ಚಿರಂಜೀವಿ ಎಂದು ಬರೆದುಬಿಟ್ಟೆ. ಹೊಡೆದುಹಾಕಲು ಮನಸ್ಸಾಗಲಿಲ್ಲ, ಇರಲಿ. ಅಂಚೆಗೆ ಹಾಕುವ ಪತ್ರವಂತೂ ಅಲ್ಲ.

ನಿನ್ನ ಸೂತಕವೆಲ್ಲ ಕಳೆದು ಇಂದು ಚಂದಗುಳಿಗೆ ಹೋಗಿ ಗಣಪತಿಗೆ ಹರಕೆಯ ಗಂಟೆ ಕಟ್ಟಿ ಬಂದೆ. ನೀನು ಇಥಿಯೋಪಿಯಾಕ್ಕೆ ಹೊರಟಾಗ ನಿನ್ನೆದುರೇ ಹೇಳಿಕೊಂಡದ್ದು. ಅಲ್ಲಿಯ ಮಕ್ಕಳಿಗೆ ಇಂಗ್ಲಿಷು ಕಲಿಸುವ ನಿನ್ನ ಒಂದು ವರ್ಷ ಸುಸೂತ್ರ ಮುಗಿದರೆ ಗಂಟೆ ಕಟ್ಟುತ್ತೇನೆ ಎಂದಿದ್ದೆ. ನೀನು ನಕ್ಕಿದ್ದೆ.

"ವರ್ಷ ಮುಗಿದ್ರೆ ಸಾಕ ಆಯಿ? ಆನು ತಿರುಗಿ ಬರದು ಬ್ಯಾಡ್ದ?"

"ಬಿಡ್ತು ಅನ್ನು" ಎಂದು ಗದರಿದೆ. ಹರಕೆಯ ಮಾತನ್ನು ಮಾತ್ರ ಬದಲಿಸಲಿಲ್ಲ.

ನಿನ್ನ ಜೊತೆ ಕಲಿಸುತ್ತಿದ್ದ ಮಾಸ್ತರರು ಮೊನ್ನೆ ಶಿರಸಿಗೆ ಬಂದಿದ್ದರು. ನೀನು ಕಲಿಸಿದ ಮಕ್ಕಳೆಲ್ಲ ಪಾಸಾದರಂತೆ. ಕೊನೆಯ ದಿನ ನಿನ್ನ ಸೆರಗು ಹಿಡಿದು ಬಿಡಲೇ ಇಲ್ಲವಂತೆ. ಆ ವಾರವೇ ನಿನಗೆ ಜ್ವರ ಬಂದದ್ದು.

ಗಂಟೆ ನೋಡಿ ಅರ್ಚಕ ಭಟ್ಟರು ಕೇಳಿದರು, "ಹರಕೆ ಎಂತದು ತಂಗಿ?" ಹೇಳಿದೆ.

"ವರ್ಷ ಮುಗತ್ತ?"

"ಮುಗತ್ತು."

"ಹಂಗಾರೆ ಕಟ್ಟು. ಕೇಳಿದ್ದು ನಡೆಸಿಕೊಟ್ಟ ನೋಡು ಗಣಪತಿ."

ಕಟ್ಟಿದೆ. ಭಟ್ಟರು ಪ್ರಸಾದ ತಂದು, "ಕೂಸು ಮನೆಗೆ ಬಂತ?" ಎಂದರು.

ನಾನು ಗಂಟೆ ಹೊಡೆದೆ. ಅದರ ದನಿ ಇರುವಷ್ಟು ಹೊತ್ತು ಉತ್ತರ ಹೇಳಬೇಕಾಗಿರಲಿಲ್ಲ. ದನಿ ಇಳಿಯಿತು. ಭಟ್ಟರು ಪ್ರಸಾದ ಹಿಡಿದು ಹಾಗೆಯೇ ನಿಂತಿದ್ದರು.

ಮತ್ತೆ ಹೊಡೆದೆ.

ನಿನ್ನ ಆಯಿ