ಬಿಸಿಯಾಗದ ಓವನ್

ನನ್ನ ಸಿಡುಕು ಅಕ್ಕನಿಗೆ,

ಪಕ್ಕದ ಕೋಣೆಯಲ್ಲೇ ಮಧ್ಯಾಹ್ನದ ನಿದ್ದೆಯಲ್ಲಿದ್ದೀಯ. ಎಬ್ಬಿಸಿ ಹೇಳಬಹುದಿತ್ತು. ಆದರೆ ನಿನ್ನ ಮುಖ ನೋಡಿದರೆ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಈ ಓವನ್ ಕೊಳ್ಳುವ ದಿನ ಅಂಗಡಿಯವನ ಜೀವ ಹಿಂಡಿದ್ದೆಯಲ್ಲ! ಅವನು ಬಣ್ಣ, ಬಟನ್ನು ಎಂದು ಹೊಗಳುತ್ತಿದ್ದರೆ ನೀನು ಒಂದೊಂದರ ಬಾಗಿಲನ್ನೂ ತೆರೆದು ಮುಚ್ಚಿ, ಅಂಚಿನ ರಬ್ಬರು ಒತ್ತಿ ನೋಡಿದೆ. "ಬಾಗಿಲು ಬಿಗಿ ಇರ್ಬೇಕು ಕಣಪ್ಪಾ. ನನ್ನ ತಂಗಿ ಬಾಯಿ ಥರ ಸಡಿಲ ಇದ್ರೆ ಒಳಗಿರೋದೆಲ್ಲ ಹೊರಗೆ!" ಅಂಗಡಿಯೇ ನಕ್ಕಿತು. ನಾನು ಮನೆಯವರೆಗೂ ಮುಖ ಊದಿಸಿಕೊಂಡಿದ್ದೆ. ಆಮೇಲೆ ಅದರಲ್ಲಿ ಬ್ರೆಡ್ಡು, ಬಿಸ್ಕತ್ತು ಮಾಡಿ ಮಾರಿಯೇ ನೀನು ಯಾರ ಹಂಗೂ ಇಲ್ಲದೆ ಬದುಕಿದೆ.

ನಿನ್ನ ಅಡುಗೆಮನೆ ಅಂಗೈಯಗಲ. ಓವನ್ ಖಾಲಿ ಇದ್ದಾಗ ಅದೇ ನಿನಗೆ ಕಪಾಟು. "ಮೊದ್ಲು ಬಾಗಿಲು ತೆಗೆದು ನೋಡು, ಆಮೇಲೆ ಸ್ವಿಚ್ ಹಾಕು" ಎಂದು ನನಗೆ ಎಷ್ಟು ಸಲ ಗದರಿದ್ದೀಯೋ. ಮರೆವು ಶುರುವಾದ ಮೇಲೆ ಆ ಮಾತೂ ನಿನ್ನ ಕೈಬಿಟ್ಟಿತು. ಹೋದ ತಿಂಗಳು ನೀನು ಪ್ಲಾಸ್ಟಿಕ್ ಡಬ್ಬಿಗಳು ಒಳಗಿರುವಾಗಲೇ ಸ್ವಿಚ್ ಹಾಕಿ ಮಲಗಿಬಿಟ್ಟೆ. ಪಕ್ಕದ ಮನೆಯವರು ಹೊಗೆ ನೋಡಿ ಬಾಗಿಲು ಒಡೆಯದಿದ್ದರೆ... ಬೇಡ, ಬರೆಯಲಾರೆ. ಒಬ್ಬಳನ್ನೇ ಬಿಡಬೇಡಿ ಎಂದರು ಡಾಕ್ಟರು. ಗಂಟುಮೂಟೆ ಕಟ್ಟಿಕೊಂಡು ನಾನೇ ಬಂದೆ.

ಪ್ಲಗ್ ಕಿತ್ತು, ಗಟ್ಟಿಯಾಗಿದ್ದ ಪ್ಲಾಸ್ಟಿಕ್ಕನ್ನು ಮರದ ಸೌಟಿನಿಂದ ಕೆರೆದೆ. ಅಡುಗೆ ಸೋಡಾ ಕಲಸಿ ಹಚ್ಚಿಟ್ಟು, ಮರುದಿನ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಬಿಸಿಯಾಗುವ ಕಾಯಿಲ್‌ಗೆ ಮಾತ್ರ ನೀರು ತಾಗಿಸದೆ. ಎಲ್ಲ ನೀನು ಕಲಿಸಿದ್ದೇ. "ಪರವಾಗಿಲ್ವೇ, ಕೆಲಸ ಕಲ್ತಿದೀಯ" ಎಂದು ನೀನೇ ಹೊಗಳಿದೆ. ನೀನು ಅತ್ತ ಹೋದೊಡನೆ ನಾನು ಓವನ್ನಿನ ಹಿಂದಿನ ವಯರ್ ಕತ್ತರಿಸಿದೆ. ಇನ್ನು ಅದು ಬಿಸಿಯಾಗುವಂತಿಲ್ಲ, ಅಕ್ಕ.

ದಿನಾ ಕೇಳುತ್ತೀಯ, "ಯಾಕೆ ಬಿಸಿ ಆಗ್ತಿಲ್ಲ?" ರಿಪೇರಿಯವನು ಬರುತ್ತಾನೆ ಎಂದು ದಿನಾ ಸುಳ್ಳು ಹೇಳುತ್ತೇನೆ.

ಇವತ್ತು ಬೆಳಿಗ್ಗೆ ನೀನು ಕೇಳಲಿಲ್ಲ. ಹಿಟ್ಟು ನಾದಿ ಒಳಗಿಟ್ಟು, ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಬಹಳ ಹೊತ್ತಾದ ಮೇಲೆ ದಪ್ಪ ಬಟ್ಟೆ ಮಡಚಿ ಹಿಡಿದು, ತಣ್ಣಗಿದ್ದ ಬಾಗಿಲನ್ನು ಮೆಲ್ಲಗೆ ತೆಗೆದೆ. ನೋಡಲಾರದೆ ನಾನು ಹತ್ತಿರ ಬಂದೆ. ನೀನು ಕೈ ಅಡ್ಡ ಹಿಡಿದು ನನ್ನನ್ನು ಹಿಂದಕ್ಕೆ ತಳ್ಳಿದೆ.

"ದೂರ ನಿಲ್ಲೇ ಪುಟ್ಟಿ, ಸುಟ್ಕೋತೀಯ."

ದೂರವೇ ನಿಂತೆ, ಅಕ್ಕ. ನಿನ್ನ ನಿದ್ದೆಯಾದರೂ ನೆಮ್ಮದಿಯದಾಗಲಿ.

ಎಲ್ಲಿಗೂ ಹೋಗದ,
ನಿನ್ನ ಪುಟ್ಟಿ